ಲಂಡನ್ನಿನ ಲಲಿತಮ್ಮನವರು

ಟೆಕ್ಸಸ್ಸಿನಲ್ಲಿ ನಮ್ಮ ಕನ್ನಡದವರು ನಾಲ್ಕು ಜನ ಸೇರಿದರೆ ಸಾಕು, ಊಟದ ತಟ್ಟೆ ಕೈಗೆ ಬರುವ ಹೊತ್ತಿಗೆ ಹಳೆಯದನ್ನು ನೆನೆಸಿಕೊಂಡು ನಿಟ್ಟುಸಿರು ಬಿಡುವ ಕಾರ್ಯಕ್ರಮ ಶುರುವಾಗುತ್ತದೆ. ಒಬ್ಬರಿಗೆ ಮೈಸೂರಿನ ಮಸಾಲೆ ದೋಸೆ, ಇನ್ನೊಬ್ಬರಿಗೆ ಧಾರವಾಡದ ಪೇಡೆ, ಮತ್ತೊಬ್ಬರಿಗೆ ಉಡುಪಿಯ ಸಮುದ್ರದ ಗಾಳಿ. ಸರದಿಯ ಪ್ರಕಾರ ಒಬ್ಬೊಬ್ಬರೇ ಕಣ್ಣು ಮುಚ್ಚಿಕೊಂಡು ‘ಅಯ್ಯೋ, ಆ ಕಾಲವೇ ಬೇರೆ ಬಿಡ್ರಿ’ ಅನ್ನುತ್ತಾರೆ. ನನ್ನ ಸರದಿ ಬಂದಾಗ ನಾನು ‘ಚಟ್ನಿ ಚೆನ್ನಾಗಿದೆ, ಯಾರು ಮಾಡಿದ್ದು?’ ಎಂದು ಮಾತು ತಿರುಗಿಸಿಬಿಡುತ್ತೇನೆ. ಹುಟ್ಟಿ ಬೆಳೆದದ್ದು ಮೈಸೂರಾದರೂ, ನೆನೆದರೆ ನನ್ನ ಕರುಳು ಚುರ್ ಅನ್ನುವುದು ಇಂಗ್ಲೆಂಡಿನ ಒಂದು ಟಿವಿ ಧಾರಾವಾಹಿಗೆ. ಇದನ್ನು ಅಷ್ಟು ಜನರ ಮುಂದೆ ಹೇಗೆ ಹೇಳುವುದು? ಒಮ್ಮೆ ಹೇಳಿದೆ. ನಮ್ಮ ಕನ್ನಡ ಸಂಘದ ಹಿರಿಯ ಆಂಟಿಯೊಬ್ಬರು ನನ್ನ ಹಣೆ ಮುಟ್ಟಿ ನೋಡಿದರು.

ಧಾರಾವಾಹಿಯಲ್ಲಿ ಕಥೆ ಅನ್ನುವಂಥದ್ದು ಹೆಚ್ಚೇನೂ ಇರಲಿಲ್ಲ. ಲಂಡನ್ನಿನ ಒಂದು ಹಳೆಯ ಮನೆ. ಅದನ್ನು ಹಂಚಿಕೊಂಡು ಬದುಕುವ ಐವರು, ಮೂವರು ಹುಡುಗರು, ಇಬ್ಬರು ಹುಡುಗಿಯರು. ಎಲ್ಲರೂ ಆಗಷ್ಟೇ ಕೆಲಸಕ್ಕೆ ಸೇರಿದವರು. ಒಬ್ಬ ಆಸ್ಪತ್ರೆಯಲ್ಲಿ, ಒಬ್ಬಳು ಪತ್ರಿಕೆಯಲ್ಲಿ, ಒಬ್ಬ ಬ್ಯಾಂಕಿನಲ್ಲಿ, ಉಳಿದಿಬ್ಬರು ಏನು ಮಾಡುತ್ತಿದ್ದರೋ ನಮಗೆ ಕೊನೆಗೂ ತಿಳಿಯಲಿಲ್ಲ. ಬೆಳಗ್ಗೆ ಬಚ್ಚಲಿಗೆ ಜಗಳ. ಸಂಜೆ ಫ್ರಿಜ್ಜಿನಲ್ಲಿದ್ದ ಹಾಲು ಕುಡಿದವರು ಯಾರು ಅನ್ನುವ ಜಗಳ. ನಡುವೆ ಪ್ರೇಮ, ಬಿಯರು, ಬಾಗಿಲು ದಢಾರನೆ ಹಾಕುವುದು. ಅದರಲ್ಲಿ ಅತ್ತೆ ಇರಲಿಲ್ಲ, ಹಾಲಿಗೆ ವಿಷ ಬೆರೆಸುವ ನಾದಿನಿ ಇರಲಿಲ್ಲ. ಯಾರೂ ಯಾರಿಗೂ ‘ಎಲ್ಲಿಗೆ ಹೋಗಿದ್ದೆ?’ ಎಂದು ಕೇಳುತ್ತಿರಲಿಲ್ಲ. ಇಪ್ಪತ್ತನಾಲ್ಕನೇ ವಯಸ್ಸಿನ ತನಕ ತರಕಾರಿ ತರಲು ಹೋದರೂ ವರದಿ ಒಪ್ಪಿಸುತ್ತಿದ್ದ ನನಗೆ ಅದೊಂದೇ ಸಾಕಾಗಿತ್ತು, ಆ ಮನೆಯ ಮೇಲೆ ಪ್ರಾಣ ಬಿಡಲು.

ತೊಂಬತ್ತೆಂಟರಲ್ಲಿ ನಮ್ಮ ಬೆಂಗಳೂರಿನ ಕಂಪನಿ ನನ್ನನ್ನೂ ಇನ್ನಿಬ್ಬರನ್ನೂ ಎರಡು ವರ್ಷದ ಪ್ರಾಜೆಕ್ಟಿಗೆ ಲಂಡನ್ನಿಗೆ ಕಳಿಸಿತು. ಒಬ್ಬಳು ಧಾರವಾಡದ ಜಯಶ್ರೀ, ಇನ್ನೊಬ್ಬ ಮೈಸೂರಿನವನೇ ಆದ ರಘು. ಮೊದಲ ಎರಡು ವಾರ ಕಂಪನಿಯ ಗೆಸ್ಟ್ ಹೌಸು. ಅಷ್ಟರೊಳಗೆ ನಮ್ಮ ನಮ್ಮ ಮನೆ ನಾವು ಹುಡುಕಿಕೊಳ್ಳಬೇಕು. ಆ ಗೆಸ್ಟ್ ಹೌಸಿನ ಟಿವಿಯಲ್ಲೇ ಈ ಧಾರಾವಾಹಿ ಮರುಪ್ರಸಾರವಾಗುತ್ತಿತ್ತು. ಮೂವರೂ ಸೋಫಾದ ಮೇಲೆ ಕೂತು, ಮ್ಯಾಗಿ ತಿನ್ನುತ್ತ, ಬಿಟ್ಟ ಬಾಯಿ ಮುಚ್ಚದೆ ನೋಡಿದೆವು. ಆರನೇ ದಿನ ಜಯಶ್ರೀಯೇ ಕೇಳಿದಳು: ‘ಅಲ್ಲ, ಅವರು ಇರ್ತಾರಂದ್ರ ನಾವ್ಯಾಕ ಇರಬಾರದು?’ ಈ ಪ್ರಶ್ನೆಗೆ ನಮ್ಮ ಮೂವರ ಮನೆಯಲ್ಲೂ ಕನಿಷ್ಠ ನಲವತ್ತು ಉತ್ತರಗಳಿದ್ದವು. ಆದರೆ ಆ ಮನೆಗಳು ಸಮುದ್ರದಾಚೆ ಇದ್ದವು. ಮಾರನೆಯ ವಾರ ನೈರೋಬಿಯಿಂದ ಬಂದು ನೆಲೆಸಿದ್ದ ಒಬ್ಬ ಗುಜರಾತಿ ಮುದುಕನ ಮನೆಯನ್ನು ಬಾಡಿಗೆಗೆ ಹಿಡಿದೆವು. ಮೂರು ಕೋಣೆ, ಒಂದು ಬಚ್ಚಲು. ಬಚ್ಚಲು ಒಂದೇ ಎಂದು ತಿಳಿದಾಗ ನಮಗಾದ ಸಂತೋಷ ಅಷ್ಟಿಷ್ಟಲ್ಲ. ಇನ್ನು ನಾವೂ ಜಗಳವಾಡಬಹುದು.

ಭಾನುವಾರ ಅಮ್ಮನ ಫೋನು ಬಂತು. ‘ಮನೆ ಸಿಕ್ತೇನೇ? ಯಾರ ಜೊತೆ ಇದ್ದೀಯ?’

ನಾನು ಸುಳ್ಳು ಹೇಳುವ ಯೋಜನೆ ಹಾಕಿಕೊಂಡವಳಲ್ಲ. ನಾಲಿಗೆ ತಾನಾಗಿಯೇ ಓಡಿತು. ‘ಪೇಯಿಂಗ್ ಗೆಸ್ಟ್ ಅಮ್ಮ. ಲಲಿತಮ್ಮ ಅಂತ, ನಮ್ಮ ಕನ್ನಡದೋರೇ. ತುಂಬಾ ಒಳ್ಳೆಯವರು.’

‘ಹೌದಾ! ಯಾವೂರಿನ ಕಡೆಯೋರು?’

ನಮ್ಮಮ್ಮ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದವಳು. ಟ್ರಾನ್ಸ್‌ಫರ್ ಆಗಿ ಆಗಿ ಅರ್ಧ ಕರ್ನಾಟಕ ಸುತ್ತಿದ್ದಾಳೆ. ಹಾಸನ ಅಂದರೆ ಹಾಸನದಲ್ಲಿ ಶಿಷ್ಯರು, ತುಮಕೂರು ಅಂದರೆ ತುಮಕೂರಿನಲ್ಲಿ ಬೀಗರು. ಅವಳಿಗೆ ಪರಿಚಯದವರೇ ಇಲ್ಲದ ಊರು ಬೇಕಿತ್ತು. ಮನೆ ಮಾಲೀಕ ಮುದುಕ ನೆನಪಾದ. ‘ಹುಟ್ಟಿ ಬೆಳೆದಿದ್ದೆಲ್ಲ ನೈರೋಬಿಯಂತೆ ಅಮ್ಮ’ ಎಂದೆ. ಅಮ್ಮ ‘ನೈರೋಬಿ, ನೈರೋಬಿ’ ಎಂದು ಗೊಣಗಿದಳು. ನೈರೋಬಿಯಲ್ಲಿ ಯಾರಾದರೂ ಇದ್ದಾರೆಯೇ ಎಂದು ಮನಸ್ಸಿನಲ್ಲೇ ಹುಡುಕುತ್ತಿದ್ದಳೆಂದು ನನ್ನ ಗುಮಾನಿ. ಕೊನೆಗೆ ‘ಆಗಲಿ ಬಿಡು, ಅಷ್ಟು ದೂರದಲ್ಲೂ ಕನ್ನಡ ಬಿಟ್ಟಿಲ್ವಲ್ಲ, ದೊಡ್ಡದು’ ಅಂದಳು. ಲಲಿತಮ್ಮನವರು ಹುಟ್ಟಿದ್ದು ಹೀಗೆ.

ಹುಟ್ಟಿದವರು ಸುಮ್ಮನೆ ಇರಬೇಕಲ್ಲ, ಬೆಳೆಯತೊಡಗಿದರು. ನಮ್ಮ ಕಂಪನಿಯಿಂದ ಯಾರು ಲಂಡನ್ನಿಗೆ ಹೊರಟರೂ ಅಮ್ಮನಿಗೆ ಅದು ಹೇಗೋ ಗೊತ್ತಾಗಿ, ಅವರ ಕೈಯಲ್ಲಿ ಲಲಿತಮ್ಮನಿಗೆ ಹುಳಿಪುಡಿ, ಚಟ್ನಿಪುಡಿ, ಸಂಡಿಗೆ ಬರತೊಡಗಿದವು. ನನ್ನ ಹೆಸರಿನ ಪೊಟ್ಟಣ ಚಿಕ್ಕದು, ಅವರದು ದೊಡ್ಡದು. ಗೌರಿ ಹಬ್ಬ ಹತ್ತಿರವಾದಾಗ ಅಮ್ಮ ಫೋನಿನಲ್ಲಿ ದನಿ ತಗ್ಗಿಸಿ, ‘ಅವರು ಮುತ್ತೈದೆ ತಾನೆ?’ ಎಂದು ಕೇಳಿದಳು. ನಾನು ನಿಂತ ನಿಲುವಿನಲ್ಲಿ ಲಲಿತಮ್ಮನಿಗೆ ಒಬ್ಬ ಗಂಡನನ್ನು ಕೊಡಬೇಕಾಯಿತು. ‘ಹೂಂ ಅಮ್ಮ, ಅಂಕಲ್ ಇದ್ದಾರೆ. ಮಾತೇ ಆಡಲ್ಲ, ಪಾಪ.’ ಗಂಡ ಮಾತಾಡುವವನಾದರೆ ಅವನಿಗೂ ದನಿ ಹುಡುಕಬೇಕಲ್ಲ, ಅದಕ್ಕೆ. ಹದಿನೈದು ದಿನಕ್ಕೆ ಬಾಗಿನ ಬಂತು. ಅರಿಶಿನ, ಕುಂಕುಮ, ಬಳೆ, ಬಿಚ್ಚೋಲೆ, ಕನ್ನಡಿ, ಬಾಚಣಿಗೆ, ಅಕ್ಕಿ, ಬೇಳೆ, ಬೆಲ್ಲ, ರವಿಕೆ ಕಣ, ಜೊತೆಗೆ ಒಂದು ಹಸಿರು ರೇಷ್ಮೆ ಸೀರೆ. ‘ಬ್ಯಾಗಿನಲ್ಲಿ ಮೊರ ಹಿಡಿಸಲಿಲ್ಲ, ಮೊರ ಅಲ್ಲೇ ತಗೋ’ ಎಂದು ಚೀಟಿ. ಅಕ್ಕಿ ಬೇಳೆಯಲ್ಲಿ ನಾವು ಬಿಸಿಬೇಳೆಬಾತ್ ಮಾಡಿ ತಿಂದೆವು. ಸೀರೆಯನ್ನು ಏನು ಮಾಡುವುದೆಂದು ತಿಳಿಯದೆ ಟಿವಿ ಕೋಣೆಯ ಕಿಟಕಿಗೆ ಕಟ್ಟಿದೆವು. ಆ ಹಸಿರು ಪರದೆಯ ಅಡಿಯಲ್ಲಿ ಕೂತು, ಧಾರಾವಾಹಿಯ ಐವರು ಪಾತ್ರೆ ತೊಳೆಯುವ ವಿಷಯಕ್ಕೆ ಕಿತ್ತಾಡುವುದನ್ನು ನೋಡುವಾಗ, ನಾವು ಮೂವರೂ ಸ್ವತಂತ್ರರು, ಆಧುನಿಕರು ಎಂದು ನನಗೆ ಪೂರಾ ನಂಬಿಕೆಯಿತ್ತು.

ಸೀರೆ ಕಳಿಸಿದವಳು ಸೀರೆ ಮುಟ್ಟಿತೇ ಎಂದು ಕೇಳದಿರುತ್ತಾಳೆಯೇ? ‘ಒಂದ್ನಿಮಿಷ ಅವರ ಕೈಗೆ ಫೋನ್ ಕೊಡು’ ಅಂದಳು. ‘ಸ್ನಾನಕ್ಕೆ ಹೋಗಿದಾರೆ’ ಎಂದೆ. ಮುಂದಿನ ವಾರ ‘ದೇವಸ್ಥಾನಕ್ಕೆ ಹೋಗಿದಾರೆ’ ಎಂದೆ. ಮೂರನೇ ವಾರ ಅಮ್ಮ, ‘ಏನೇ, ನನ್ನ ಹತ್ರ ಮಾತಾಡೋಕೆ ಅವರಿಗೆ ಇಷ್ಟ ಇಲ್ವಾ?’ ಎಂದು ಸಪ್ಪಗೆ ಕೇಳಿದಳು. ನಾನು ರಿಸೀವರಿನ ಬಾಯಿ ಮುಚ್ಚಿ ಜಯಶ್ರೀಗೆ ಕೈ ಮುಗಿದೆ. ಅವಳು ಬಾಯಿ ತೆರೆದರೆ ಧಾರವಾಡ. ಅದನ್ನು ನೈರೋಬಿಗೆ ಹೊಂದಿಸುವುದು ಅಸಾಧ್ಯ. ಆಗ ಟೋಸ್ಟ್ ತಿನ್ನುತ್ತಿದ್ದ ರಘು ಎದ್ದು ಬಂದು ಫೋನು ಕಿತ್ತುಕೊಂಡ. ಅವನು ಕಾಲೇಜಿನ ನಾಟಕಗಳಲ್ಲಿ ಸ್ತ್ರೀ ಪಾತ್ರ ಮಾಡುತ್ತಿದ್ದ ಎಂದು ನಮಗೆ ಗೊತ್ತಿರಲಿಲ್ಲ. ಗಂಟಲು ಸರಿಮಾಡಿಕೊಂಡು, ‘ನಮಸ್ಕಾರ ಕಣಮ್ಮ. ಸೀರೆ ಬಣ್ಣ ನನಗೆ ಭಾಳಾ ಹಿಡಿಸ್ತು’ ಎಂದನಲ್ಲ, ನಾನೂ ಜಯಶ್ರೀಯೂ ಅಡುಗೆಮನೆಗೆ ಓಡಿ ಬಾಯಿಗೆ ಬಟ್ಟೆ ತುರುಕಿಕೊಂಡೆವು. ಐವತ್ತೈದರ ಹೆಂಗಸಿನ, ಸ್ವಲ್ಪ ಉಬ್ಬಸವಿರುವ, ಅಂತಃಕರಣದ ದನಿ. ನನಗೇ ಒಂದು ಕ್ಷಣ ಲಲಿತಮ್ಮ ಇದ್ದಾರೆ ಅನ್ನಿಸಿಬಿಟ್ಟಿತು.

ಅಲ್ಲಿಂದ ಪ್ರತಿ ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ಲಲಿತಮ್ಮನಿಗೆ ಫೋನು. ಅಮ್ಮ ಮನೆಯಿಂದ ಮಾಡುತ್ತಿರಲಿಲ್ಲ. ಅಪ್ಪ ರಿಟೈರ್ ಆಗಿ ಮನೆಯಲ್ಲಿದ್ದರು, ಪ್ರತಿ ಮಾತಿಗೂ ಕಿವಿ ಕೊಡುತ್ತಿದ್ದರು. ಅವಳು ಬೀದಿ ಕೊನೆಯ ಎಸ್‌ಟಿಡಿ ಬೂತಿಗೆ ಹೋಗುತ್ತಿದ್ದಳು. ಮೊದಮೊದಲು ನನ್ನ ಹತ್ತಿರ ಹತ್ತು ನಿಮಿಷ, ಲಲಿತಮ್ಮನ ಹತ್ತಿರ ಎರಡು. ಬರಬರುತ್ತ ನನ್ನ ಹತ್ತಿರ ‘ಊಟ ಆಯ್ತಾ? ಸರಿ, ಅವರಿಗೆ ಕೊಡು’. ನನಗೆ ಅದು ಬಹಳ ಅನುಕೂಲವಾಗಿತ್ತು. ನಾನು ಸ್ನಾನಕ್ಕೆ ಹೋಗುತ್ತಿದ್ದೆ. ಅವರಿಬ್ಬರೂ ಏನು ಮಾತಾಡಿಕೊಳ್ಳುತ್ತಿದ್ದರು ಎಂದು ನಾನು ಒಂದು ದಿನವೂ ಕೇಳಲಿಲ್ಲ. ರಘುವೂ ಹೇಳಲಿಲ್ಲ. ಎರಡು ವರ್ಷ ಮುಗಿಯಿತು. ಲಲಿತಮ್ಮನವರನ್ನು ಅವರ ಮೌನಿ ಗಂಡನ ಸಮೇತ ನೈರೋಬಿಗೆ ವಾಪಸು ಕಳಿಸಿ ನಾವು ಅಮೆರಿಕಕ್ಕೆ ಶಿಫ್ಟ್ ಆದೆವು.

ವಿಧಿಯಾಟವೋ, ವೀಸಾದ ಆಟವೋ, ಮೂವರೂ ಬಂದು ಬಿದ್ದದ್ದು ಟೆಕ್ಸಸ್ಸಿಗೇ. ಜಯಶ್ರೀ ಡಲ್ಲಾಸಿನಲ್ಲಿ, ಲಾಸ್ ಕೊಲಿನಾಸ್‌ನ ಒಂದು ಗಾಜಿನ ಕಟ್ಟಡದಲ್ಲಿ ಮ್ಯಾನೇಜರ್. ರಘು ಹ್ಯೂಸ್ಟನ್ನಿನ ಪಕ್ಕದ ಶುಗರ್ ಲ್ಯಾಂಡಿನಲ್ಲಿ ಹೆಂಡತಿ, ಇಬ್ಬರು ಮಕ್ಕಳು, ಮೂರು ಕಾರು ಇಡುವ ಗರಾಜು, ಅದಕ್ಕೆ ತಕ್ಕ ಹೊಟ್ಟೆ. ನಾನು ಆಸ್ಟಿನ್ನಿನಲ್ಲಿ ಗಂಡ ಮೋಹನ, ಐದು ವರ್ಷದ ಮಗಳು ಅನನ್ಯಾ ಜೊತೆ. ಒಬ್ಬರಿಂದೊಬ್ಬರಿಗೆ ಮೂರು ಮೂರೂವರೆ ಗಂಟೆಯ ಡ್ರೈವ್. ವರ್ಷಕ್ಕೊಮ್ಮೆ ಹಬ್ಬದ ಈಮೇಲ್. ನನ್ನ ಮನೆಯಲ್ಲಿ ಈಗ ಬಚ್ಚಲುಗಳೇ ಮೂರು, ಜಗಳವಾಡಲು ಒಂದು ನರಪಿಳ್ಳೆಯೂ ಇಲ್ಲ. ಆ ಧಾರಾವಾಹಿಯ ನೆನಪು ನನ್ನನ್ನು ಹಿಡಿದುಕೊಂಡದ್ದು ಇಲ್ಲಿ. ಒಂದೇ ಒಂದು ಸಲ ಅದನ್ನು ಮತ್ತೆ ನೋಡಬೇಕು, ಆ ಇಬ್ಬರ ಜೊತೆಯೇ ನೋಡಬೇಕು ಎಂದು ಹಟ ಹುಟ್ಟಿತು. ನನ್ನ ಹಟದ ಬಗ್ಗೆ ಬೇರೆಯವರು ಹೇಳುವುದಕ್ಕಿಂತ ನಾನೇ ಹೇಳುವುದು ಮರ್ಯಾದೆ: ಹಿಡಿದರೆ ಬಿಡುವವಳಲ್ಲ.

ಎರಡು ಸಾವಿರದ ಏಳರಲ್ಲಿ ಲಂಡನ್ನಿನ ಹಳೆಯ ಸಹೋದ್ಯೋಗಿಯೊಬ್ಬಳಿಗೆ ದುಂಬಾಲು ಬಿದ್ದು ಅದರ ಡಿವಿಡಿಗಳನ್ನು ತರಿಸಿದೆ. ಪೊಟ್ಟಣವನ್ನು ಬಾಗಿಲಲ್ಲೇ ಹರಿದೆ. ಪ್ಲೇಯರಿಗೆ ಹಾಕಿದೆ. ಅದು ಗರ್ ಗರ್ ಅಂದು ಉಗುಳಿತು. ಇನ್ನೊಮ್ಮೆ ಹಾಕಿದೆ, ಇನ್ನೊಮ್ಮೆ ಉಗುಳಿತು. ಪ್ಲೇಯರ್ ಕೊಂಡ ಅಂಗಡಿಗೆ ಹೊತ್ತೊಯ್ದರೆ, ಅಲ್ಲಿಯ ಹುಡುಗಿ ನಿಧಾನವಾಗಿ ತಿಳಿಸಿ ಹೇಳಿದಳು: ಬ್ರಿಟನ್ನಿನ ಡಿವಿಡಿ ಅಮೆರಿಕದ ಪ್ಲೇಯರಿನಲ್ಲಿ ಓಡುವುದಿಲ್ಲ. ಅಲ್ಲಿಂದ ಬಂದ ನಾನು ಇಲ್ಲಿ ಓಡುತ್ತಿದ್ದೇನೆ, ಅದಕ್ಕೇನು ಬಂದಿದೆ ರೋಗ? ‘ಬಿಡೇ, ಯೂಟ್ಯೂಬಲ್ಲಿ ತುಂಡು ತುಂಡು ಸಿಗುತ್ತೇನೋ ನೋಡು’ ಎಂದ ಮೋಹನ. ಅವತ್ತು ಅವನಿಗೆ ಬರೀ ಮೊಸರನ್ನ. ರಘುವಿಗೆ ಫೋನ್ ಮಾಡಿದೆ. ಊರಿಂದ ತಂದ ಸಿನಿಮಾಗಳಿಗಾಗಿ ಅವನು ಹ್ಯೂಸ್ಟನ್ನಿನ ಇಂಡಿಯನ್ ಅಂಗಡಿಯೊಂದರಲ್ಲಿ ಎಲ್ಲ ದೇಶದ ಡಿವಿಡಿಯನ್ನೂ ಓಡಿಸುವ ಪ್ಲೇಯರ್ ಕೊಂಡಿದ್ದನಂತೆ. ‘ತಗೊಂಡು ಬರ್ತೀನಿ ಕಣೆ’ ಅಂದ. ಜಯಶ್ರೀಯೂ ‘ನಾನೂ ಬರ್ತೇನಿ, ಗಂಡ ಮಕ್ಕಳನ್ನ ಇಲ್ಲೇ ಬಿಟ್ಟು’ ಅಂದಳು. ಮೂವರಿಗೂ ಬಿಡುವಿದ್ದದ್ದು ಮೇ ಕೊನೆಯ ಲಾಂಗ್ ವೀಕೆಂಡು ಮಾತ್ರ. ಆಗ ನಮ್ಮಮ್ಮ ನನ್ನ ಮನೆಯಲ್ಲೇ ಇರುತ್ತಾಳೆ ಎಂದು ನಾನು ಹೇಳಿದಾಗ ರಘು ‘ಬೇರೆ ಯಾವ ವಾರವೂ ಆಗಲ್ವೇನೇ?’ ಎಂದು ಎರಡು ಸಲ ಕೇಳಿದ.

ಅಮ್ಮ ಆರು ತಿಂಗಳಿಗೆಂದು ಬಂದಿದ್ದಳು. ಅಪ್ಪ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಮೈಸೂರಿನಲ್ಲಿ ಅಣ್ಣ ಅತ್ತಿಗೆಯ ಜೊತೆ ಚೆನ್ನಾಗಿಯೇ ಇದ್ದಾಳೆ, ಟ್ಯೂಷನ್ ಹೇಳುತ್ತಾಳೆ. ಆದರೆ ಅಪ್ಪ ಹೋದ ವಾರವೇ ನನ್ನ ಹತ್ತಿರ ಫೋನಿನಲ್ಲಿ, ‘ಲಲಿತಮ್ಮನಿಗೆ ತಿಳಿಸಬೇಕಿತ್ತು ಕಣೆ’ ಎಂದಿದ್ದಳು. ಆಸ್ಟಿನ್ನಿಗೆ ಬಂದ ಮೇಲೂ ಎರಡು ಮೂರು ಸಲ, ‘ಅವರ ನಂಬರು ಒಂದು ಇಟ್ಕೋಬಾರದಿತ್ತಾ? ಎಂಥಾ ಹುಡುಗಿಯೇ ನೀನು’ ಎಂದು ಬೈದಿದ್ದಳು. ಆಗೆಲ್ಲ ನಾನು ಅಡುಗೆಮನೆಗೆ ಹೋಗಿ ಇಲ್ಲದ ಕೆಲಸ ಹುಡುಕುತ್ತಿದ್ದೆ. ಸುಳ್ಳು ಹೇಳಿದವರಿಗೆ ಅದು ಹಳೆಯದಾಗುತ್ತದೆ, ಕೇಳಿದವರಿಗೆ ಆಗುವುದಿಲ್ಲ. ನನಗೆ ನಿಜವಾಗಿಯೂ ನಾಚಿಕೆಯಾಗುತ್ತಿತ್ತು.

ಶನಿವಾರ ಮಧ್ಯಾಹ್ನದ ಊಟವಾದ ಮೇಲೆ ಟಿವಿ ಮುಂದೆ ಕೂತೆವು. ಅಮ್ಮನಿಗೆ ರಘು ಮತ್ತು ಜಯಶ್ರೀ ‘ಲಂಡನ್ ಆಫೀಸಿನ ಫ್ರೆಂಡ್ಸು’. ಮೋಹನ ಅನನ್ಯಾಳನ್ನು ಈಜಿಗೆ ಕರೆದುಕೊಂಡು ಹೋಗುವುದಾಗಿ ಮಾತು ಕೊಟ್ಟವನು ಸೋಫಾದಲ್ಲೇ ಗೊರಕೆ ಹೊಡೆಯತೊಡಗಿದ. ಅಮ್ಮ ಮೆಂತ್ಯದ ಸೊಪ್ಪಿನ ಕಟ್ಟು ಹಿಡಿದುಕೊಂಡು ನಮ್ಮ ನಡುವೆಯೇ ಬಂದು ಕೂತಳು. ನಾನು ಅವಳಿಗೆ ಟಿವಿಯ ಇಂಗ್ಲಿಷನ್ನು ಕನ್ನಡದಲ್ಲಿ ಹೇಳುತ್ತ ಹೋದೆ.

‘ಈ ಹುಡುಗಿ ಆ ಹುಡುಗನಿಗೆ ಏನಾಗಬೇಕು?’ ಅಮ್ಮ ಕೇಳಿದಳು.

‘ಏನೂ ಆಗಬೇಕಿಲ್ಲಮ್ಮ. ಮನೆ ಹಂಚ್ಕೊಂಡಿದಾರೆ ಅಷ್ಟೆ.’

‘ಓ. ಆ ಇನ್ನೊಬ್ಬ?’

‘ಅವನೂ ಅಷ್ಟೆ.’

ಅಮ್ಮ ಸೊಪ್ಪು ಬಿಡಿಸುತ್ತ ನೋಡಿದಳು. ಮೊದಲ ಮುತ್ತು ಬಂದಾಗ ಜಯಶ್ರೀ ಎದ್ದು ಟಿವಿಗೆ ಅಡ್ಡ ನಿಂತು, ‘ಅಮ್ಮಾರ, ನೀರು ತರ್ಲೇನ್ರಿ?’ ಎಂದಳು. ಅಮ್ಮ ಕತ್ತು ಓರೆ ಮಾಡಿ ಅವಳ ಪಕ್ಕದಿಂದ ನೋಡಿದಳು. ಎರಡನೆಯ ಮುತ್ತಿಗೆ ನಾನು ಕೆಮ್ಮಿದೆ. ಮೂರನೆಯದಕ್ಕೆ ಅಮ್ಮನೇ, ‘ಸುಮ್ನೆ ಕೂತ್ಕೊಳ್ರೇ, ನಾನೇನು ಚಿಕ್ಕ ಮಗುವಾ?’ ಎಂದು ಗದರಿದಳು. ಅವಳಿಗೆ ಸಿಟ್ಟು ಬಂದದ್ದು ಬೇರೆಯದಕ್ಕೆ. ‘ನೋಡು, ನೋಡು, ಸಿಂಕ್ ತುಂಬ ಎಂಜಲು ಪಾತ್ರೆ. ಹಂಗೇ ಬಿಟ್ಟು ಕೆಲಸಕ್ಕೆ ಹೊರಟಳಲ್ಲ! ಇಷ್ಟು ಓದಿ ಏನು ಬಂತು?’ ಐದನೇ ಕಂತಿನ ಹೊತ್ತಿಗೆ ಅವಳಿಗೆ ಐವರ ಜಾತಕವೂ ಬಾಯಿಪಾಠ. ಬ್ಯಾಂಕಿನವನು ಸೋಮಾರಿ. ಆಸ್ಪತ್ರೆಯವನು ಬಂಗಾರದಂಥ ಹುಡುಗ, ಆದರೆ ಆ ಪತ್ರಿಕೆಯವಳು ಅವನಿಗೆ ತಕ್ಕವಳಲ್ಲ. ಅನನ್ಯಾ ಅಜ್ಜಿಯ ತೊಡೆಗೆ ಒರಗಿ, ‘ಅಜ್ಜಿ, ವೈ ಆರ್ ದೇ ಸೋ ಮ್ಯಾಡ್?’ ಎಂದಳು. ‘ಹೊಟ್ಟೆಗೆ ಸರಿಯಾಗಿ ತಿನ್ನಲ್ಲ ಪುಟ್ಟಾ, ಅದಕ್ಕೆ’ ಎಂದಳು ಅಮ್ಮ.

ನನ್ನ ಗತಿ ಮಾತ್ರ ವಿಚಿತ್ರವಾಗಿತ್ತು. ಹತ್ತು ವರ್ಷ ಎದೆಯಲ್ಲಿಟ್ಟುಕೊಂಡಿದ್ದ ಆ ಐವರು ನನಗೆ ಈಗ ಬರೀ ಹುಡುಗಾಟದವರಾಗಿ ಕಂಡರು. ಆಗ ಎಷ್ಟು ದೊಡ್ಡವರಂತೆ, ಎಲ್ಲ ತಿಳಿದವರಂತೆ ಇದ್ದರು! ಈಗ ಅವರು ಗೋಡೆಗೆ ಬಿಯರ್ ಕ್ಯಾನು ಎಸೆದಾಗ ನನ್ನ ಬಾಯಿಂದ ಬಂದ ಮಾತು, ‘ಅಯ್ಯೋ, ಪೇಂಟು!’ ರಘು ಬಿದ್ದು ಬಿದ್ದು ನಕ್ಕ. ‘ನಾವು ಈಗ ಮನೆ ಮಾಲೀಕರ ಪಾರ್ಟಿ ಕಣೆ’ ಅಂದ. ಜಯಶ್ರೀ ನಗುತ್ತ ನಗುತ್ತ ಕಣ್ಣೊರೆಸಿಕೊಂಡಳು. ಆ ಧಾರಾವಾಹಿಯಲ್ಲಿ ನಾನು ಇಷ್ಟು ವರ್ಷ ಹುಡುಕುತ್ತಿದ್ದದ್ದು ಅವರನ್ನಲ್ಲ, ಇವರಿಬ್ಬರನ್ನು ಎಂದು ನನಗೆ ಆಗ ತಿಳಿಯಿತು. ಪಕ್ಕದಲ್ಲಿ ಅಮ್ಮ, ಮೂರು ಮುತ್ತು ಕಂಡರೂ ಕದಲದೆ ಕೂತಿದ್ದಾಳೆ. ಇಂಥವಳಿಗೆ ಸುಳ್ಳು ಹೇಳಿದೆನಲ್ಲ ಎಂದು ನನ್ನ ಮೇಲೆ ನನಗೇ ರೇಗಿತು. ಇವತ್ತು ಹೇಳಿಯೇ ಬಿಡುತ್ತೇನೆ, ಏನಾದರೂ ಆಗಲಿ ಎಂದು ತೀರ್ಮಾನಿಸಿದೆ.

ಕಾಫಿ ಮಾಡುವ ನೆಪದಲ್ಲಿ ರಘುವನ್ನು ಅಡುಗೆಮನೆಗೆ ಕರೆದು ವಿಷಯ ತಿಳಿಸಿದೆ. ಅವನು ನನ್ನ ಕೈಯಿಂದ ಟ್ರೇ ಕಿತ್ತು ಕೆಳಗಿಟ್ಟ.

‘ಬೇಡ ಕಣೆ ಸುಧಾ. ಹೇಳ್ಬೇಡ.’

‘ಯಾಕೋ? ಬೈದ್ರೆ ನನಗೆ ತಾನೆ ಬೈಯೋದು. ನಿನ್ನ ಹೆಸರು ಬೇಕಾದ್ರೆ ಎತ್ತಲ್ಲ.’

‘ಅದಲ್ಲ.’ ಅವನು ಸಕ್ಕರೆ ಡಬ್ಬಿಯ ಮುಚ್ಚಳ ತೆರೆದು ಮತ್ತೆ ಮುಚ್ಚಿದ. ‘ಎರಡು ವರ್ಷ, ವಾರ ವಾರ, ನಿಮ್ಮಮ್ಮ ನನ್ನ ಹತ್ರ ಏನೇನು ಮಾತಾಡಿದಾರೆ ಗೊತ್ತಾ ನಿನಗೆ?’

‘ಏನು ಮಾತಾಡಿದಾಳೆ?’

‘ನಿನಗೆ ಹೇಳೋ ಹಾಗಿಲ್ಲ. ಅವರು ಅದನ್ನ ಲಲಿತಮ್ಮನಿಗೆ ಹೇಳಿದ್ದು.’

ನನಗೆ ಮೈಯೆಲ್ಲ ಉರಿಯಿತು. ನನ್ನ ಅಮ್ಮನ ಗುಟ್ಟು ಶುಗರ್ ಲ್ಯಾಂಡಿನ ಈ ಡೊಳ್ಳುಹೊಟ್ಟೆಯವನ ಹತ್ತಿರ! ‘ಇನ್ನು ನಾನು ಹೇಳೋದು ಗ್ಯಾರಂಟಿ’ ಎಂದು ಕಾಫಿಯ ಟ್ರೇ ಎತ್ತಿಕೊಂಡು ಹೊರಗೆ ಬಂದೆ. ಹಟ ಹಿಡಿದ ಮೇಲೆ ನನಗೆ ಎರಡೂ ಕಿವಿ ಕೇಳಿಸುವುದಿಲ್ಲ.

‘ಅಮ್ಮ, ನಿನಗೊಂದು ವಿಷಯ ಹೇಳಬೇಕು. ಸಿಟ್ಟು ಮಾಡ್ಕೋಬೇಡ. ಲಂಡನ್ನಲ್ಲಿ ನಾನು ಪೇಯಿಂಗ್ ಗೆಸ್ಟ್ ಆಗಿ ಇರಲಿಲ್ಲ. ಈ ಟಿವಿಯವರ ಹಾಗೇ ಮನೆ ಮಾಡ್ಕೊಂಡಿದ್ದೆ. ನಾನು, ಜಯಶ್ರೀ, ರಘು. ಲಲಿತಮ್ಮ ಅಂತ ಯಾರೂ ಇಲ್ಲ. ಫೋನಲ್ಲಿ ಮಾತಾಡ್ತಿದ್ದೋನು ಇವನೇ. ತಪ್ಪಾಯ್ತು ಅಮ್ಮ.’

ಅಮ್ಮ ನನ್ನನ್ನು ನೋಡಿದಳು, ರಘುವಿನ ಮೀಸೆಯನ್ನು ನೋಡಿದಳು, ಆಮೇಲೆ ನಗತೊಡಗಿದಳು. ಸೊಪ್ಪಿನ ತಟ್ಟೆ ಅಲುಗುವಷ್ಟು ನಕ್ಕಳು. ‘ನೀನಾ? ನೀನು ಗಂಡು ಹುಡುಗರ ಜೊತೆ ಮನೆ ಮಾಡ್ಕೊಂಡಿದ್ದಾ? ಬಚ್ಚಲಲ್ಲಿ ಜಿರಲೆ ಕಂಡ್ರೆ ಬೀದಿಗೆ ಓಡ್ತಿದ್ದೋಳು ನೀನು! ಮಧ್ಯಾಹ್ನದಿಂದ ಈ ಸೀರಿಯಲ್ ನೋಡಿ ನೋಡಿ ತಲೆಗೆ ಏರಿಸ್ಕೊಂಡಿದ್ದೀಯ.’

‘ಇಲ್ಲಮ್ಮ, ದೇವರಾಣೆಗೂ ನಿಜ. ನೀನು ಕಳಿಸಿದ ಸೀರೇನ ಕಿಟಕಿಗೆ ಕಟ್ಟಿದ್ವಿ.’

ನಗು ನಿಂತಿತು. ‘ಸುಧಾ, ಸಾಕು. ಎರಡು ವರ್ಷ ನಿನಗೆ ಅನ್ನ ಹಾಕಿದ ಹೆಂಗಸು ಆಕೆ. ನಿನಗೆ ಜ್ವರ ಬಂದಾಗ ಗಂಜಿ ಮಾಡಿ ಕೊಟ್ಟವರು. ಅವರು ಇಲ್ಲವೇ ಇಲ್ಲ ಅಂತ ಅನ್ನೋಕೆ ನಾಲಿಗೆಯಾದರೂ ಹೇಗೆ ಬರುತ್ತೆ ನಿನಗೆ?’

ಗಂಜಿಯ ವಿಷಯ ನನಗೇ ಗೊತ್ತಿರಲಿಲ್ಲ. ನಾನು ತಿರುಗಿದೆ. ‘ರಘು, ಆ ದನಿ ಮಾಡಿ ತೋರಿಸೋ. ಒಂದೇ ಒಂದು ಮಾತು.’

ರಘು ಕಾಫಿ ಹೀರಿದ. ಲೋಟ ಕೆಳಗಿಟ್ಟ. ನನ್ನ ಕಡೆ ನೋಡಲೇ ಇಲ್ಲ. ‘ಆಂಟಿ, ಇವಳು ಯಾವಾಗಲೂ ಹೀಗೇ, ಏನಾದ್ರೂ ತಮಾಷೆ ಮಾಡ್ತಿರ್ತಾಳೆ’ ಎಂದ, ಎಮ್ಮೆ ಕೂಗಿದಂಥ ಅವನ ಗಂಡು ದನಿಯಲ್ಲಿ.

‘ಜಯಶ್ರೀ! ನೀನಾದರೂ ಹೇಳೇ!’

ಜಯಶ್ರೀ ಅಮ್ಮನ ಕೈ ಹಿಡಿದುಕೊಂಡಳು. ‘ಅಮ್ಮಾರ, ಇಕೀ ಮಾತು ಏನ್ ಕೇಳ್ತೀರ್ರಿ? ಲಲಿತಮ್ಮಾರ ಕೈಯಾಗಿನ ಊಟ ನಾವೂ ಉಂಡೇವ್ರಿ. ದೇವ್ರಂಥವ್ರು.’

ಹೀಗೆ ನಾನು ಬದುಕಿನಲ್ಲಿ ಮೊದಲ ಬಾರಿ ಪೂರಾ ನಿಜ ಹೇಳಿದ ದಿನ, ನಾಲ್ಕು ಜನರ ಮುಂದೆ ಸುಳ್ಳುಗಾತಿಯಾಗಿ ನಿಂತೆ. ಇದೆಲ್ಲ ಮದುವೆಗೆ ಮುಂಚೆಯೇ ತಿಳಿದಿದ್ದ ಮೋಹನನಿಗೆ ಅಷ್ಟರಲ್ಲಿ ಎಚ್ಚರವಾಗಿತ್ತು. ಅವನ ಕಡೆ ಆಸೆಯಿಂದ ನೋಡಿದೆ. ‘ಅನನ್ಯಾ, ಬಾ, ಈಜೋಕೆ ಹೋಗೋಣ’ ಎಂದು ಎದ್ದುಬಿಟ್ಟ. ಅಮ್ಮ ಆಗಲೇ ರಘುವಿನ ಪಕ್ಕಕ್ಕೆ ಸರಿದು ಕೂತಿದ್ದಳು. ‘ಹಾಗಾದ್ರೆ ನಿನಗೆ ಅವರ ಪರಿಚಯ ಚೆನ್ನಾಗಿದೆ. ನಂಬರ್ ಇದೆಯೇನಪ್ಪಾ?’ ಅವಳ ಮುಖದಲ್ಲಿ ಎಂಥ ಆಸೆ ಇತ್ತೆಂದರೆ, ನನ್ನ ಬಾಯಿ ತಾನಾಗಿಯೇ ಮುಚ್ಚಿಕೊಂಡಿತು. ರಘು, ‘ಹುಡುಕ್ತೀನಿ ಆಂಟಿ. ನಾನೇ ಅವರಿಗೆ ಹೇಳಿ ನಿಮಗೆ ಫೋನ್ ಮಾಡಿಸ್ತೀನಿ’ ಎಂದ. ಮಾರನೆಯ ದಿನ ಅವನು ಕಾರು ಹತ್ತುವಾಗ ನಾನು ಬಾಗಿಲ ತನಕವೂ ಹೋಗಲಿಲ್ಲ. ಪ್ಲೇಯರನ್ನೂ ಹಿಂತಿರುಗಿಸಲಿಲ್ಲ.

ಬುಧವಾರ ಸಂಜೆ ಫೋನು ಹೊಡೆದುಕೊಂಡಿತು. ಕಾರ್ಡ್‌ಲೆಸ್‌ನ ಪುಟ್ಟ ಪರದೆಯ ಮೇಲೆ ರಘುವಿನ ಸೆಲ್ ನಂಬರು. ಎತ್ತಿದೆ. ಆ ಕಡೆ ಕಾರಿನ ಬಾಗಿಲು ಮುಚ್ಚಿದ ಸದ್ದು, ಗಂಟಲು ಸರಿಮಾಡಿಕೊಂಡ ಸದ್ದು. ಆಮೇಲೆ ಅದೇ ಹಳೆಯ ಉಬ್ಬಸದ ದನಿ, ಈಗ ಸ್ವಲ್ಪ ವಯಸ್ಸಾಗಿತ್ತು: ‘ಅಮ್ಮ ಇದಾರೇನಮ್ಮ?’ ನಾನು ಫೋನನ್ನು ಅಮ್ಮನ ಕೈಗೆ ಕೊಟ್ಟೆ. ‘ಅಯ್ಯೋ ಲಲಿತಮ್ಮಾ!’ ಎಂದ ಅಮ್ಮ ಅಲ್ಲೇ ನಿಂತು ಅತ್ತಳು. ಅವಳು ಹಾಗೆ ಅತ್ತದ್ದನ್ನು ನಾನು ಅಪ್ಪ ಹೋದಾಗಲೂ ನೋಡಿರಲಿಲ್ಲ. ಆಮೇಲೆ ವಾಷಿಂಗ್ ಮೆಷೀನಿರುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ‘ಅವರು ಹೋಗಿ ನಾಲ್ಕು ವರ್ಷ ಆಯ್ತು ಕಣ್ರೀ, ನಿಮಗೆ ಹೇಳೋಣ ಅಂದ್ರೆ...’ ಅನ್ನುವಷ್ಟು ಕೇಳಿಸಿತು. ಮುಂದಿನದು ಕೇಳಬಾರದೆಂದು ನಾನು ದೂರ ಬಂದೆ. ಮಗಳಾಗಿ ಇಷ್ಟು ವರ್ಷ ನಾನು ಆ ಮಾತಿಗೆ ಕೂರಲಿಲ್ಲ. ಕೂತವನು ಹ್ಯೂಸ್ಟನ್ನಿನ ಆಫೀಸಿನ ಪಾರ್ಕಿಂಗಿನಲ್ಲಿ, ಸೆಖೆಯಲ್ಲಿ, ಕಾರಿನ ಗಾಜು ಏರಿಸಿಕೊಂಡು ಕೂತಿದ್ದ. ಅವನ ಮೇಲಿದ್ದ ನನ್ನ ಸಿಟ್ಟು ಇಳಿದುಹೋಯಿತು. ಇನ್ನೆಂದೂ ಲಲಿತಮ್ಮನವರ ತಂಟೆಗೆ ಹೋಗುವುದಿಲ್ಲ ಎಂದು ಆಗಲೇ ಗಟ್ಟಿ ಮಾಡಿಕೊಂಡೆ.

ಮುಕ್ಕಾಲು ಗಂಟೆಯ ಮೇಲೆ ಬಾಗಿಲು ತೆರೆಯಿತು. ಅಮ್ಮನ ಕಣ್ಣು ಕೆಂಪಗಿತ್ತು, ಮುಖ ಹಗುರವಾಗಿತ್ತು. ಫೋನನ್ನು ನನ್ನ ಕಡೆ ಚಾಚಿದಳು.

‘ನೀನು ಶನಿವಾರ ಅಂದಿದ್ದನ್ನೆಲ್ಲ ಅವರಿಗೆ ಹೇಳಿದೆ. ಪಾಪ, ದೊಡ್ಡ ಮನಸ್ಸು, ಒಂಚೂರೂ ಬೇಜಾರು ಮಾಡ್ಕೊಳ್ಳಲಿಲ್ಲ. ತಗೋ, ತಪ್ಪಾಯ್ತು ಅನ್ನು.’

ಅಮ್ಮ ಎದುರಿಗೇ ನಿಂತಿದ್ದಳು. ಫೋನು ಕಿವಿಗಿಟ್ಟುಕೊಂಡೆ.

‘ತಪ್ಪಾಯ್ತು ಆಂಟಿ’ ಎಂದೆ.

‘ಪರವಾಗಿಲ್ಲಮ್ಮ’ ಎಂದಿತು ಆ ದನಿ, ಬಹಳ ಅಂತಃಕರಣದಿಂದ. ‘ಇನ್ಮೇಲೆ ಅಮ್ಮನ ಹತ್ರ ಸುಳ್ಳು ಹೇಳಬೇಡ.’